ಸ್ಟೆಂಟ್ ಹಾಕಿಸಿಕೊಂಡ ಮೇಲೆ ಉಳಿಯುವ ಭಯ

ಹಾರ್ಟ್ ಅಟ್ಯಾಕ್ ಆಗಿ ಡಿಸ್ಚಾರ್ಜ್ ಆದವರ ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಮಾತ್ರೆಗಳು, ಉಪ್ಪು-ಎಣ್ಣೆ ಕಡಿಮೆ, ದಿನಾ ವಾಕಿಂಗ್. ಮನೆಗೆ ಬಂದ ಎಷ್ಟೋ ಜನ ವಾಕಿಂಗ್ ಹೋಗುವುದೇ ಇಲ್ಲ. ಲಾಲ್‌ಬಾಗ್ ಬಂಡೆ ಹತ್ತಲು ಹೆದರಿಕೆ, ಬಚ್ಚಲುಮನೆಯ ಚಿಲಕ ಹಾಕಿಕೊಳ್ಳಲೂ ಹೆದರಿಕೆ. ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್ ಮಾತ್ರ ಚೆನ್ನಾಗಿಯೇ ಇರುತ್ತದೆ.

ಹೃದಯಾಘಾತವಾದ ಐವರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆ ಬೇಕಾಗುವಷ್ಟು ಖಿನ್ನತೆ ಬರುತ್ತದೆ. ‘ಗಂಡಾಂತರ ಕಳೆಯಿತಲ್ಲ, ಇನ್ನೇನು ಯೋಚನೆ?’ ಎಂದು ನೆಂಟರು ಹೇಳಿಹೋಗುತ್ತಾರೆ. ಆದರೆ 1993ರಲ್ಲೇ ಕೆನಡಾದ ನ್ಯಾನ್ಸಿ ಫ್ರೇಷರ್-ಸ್ಮಿತ್ ತಂಡ 222 ರೋಗಿಗಳನ್ನು ಆರು ತಿಂಗಳು ಗಮನಿಸಿ, ಖಿನ್ನತೆ ಇದ್ದವರಲ್ಲಿ ಸಾವು ಹೆಚ್ಚೆಂದು ತೋರಿಸಿತ್ತು. ಒತ್ತಡದ ಹಾರ್ಮೋನುಗಳು, ರಕ್ತ ಬೇಗ ಗರಣೆಗಟ್ಟುವ ಗುಣ, ಎರಡೂ ಇದರಲ್ಲಿ ಸೇರಿರಬಹುದು. ಅದಕ್ಕಿಂತ ಸರಳವಾದ ದಾರಿಯೂ ಇದೆ: ಬದುಕಿನ ಆಸೆಯೇ ಬತ್ತಿದವರು ಮಾತ್ರೆ ತಪ್ಪಿಸುತ್ತಾರೆ. ಹೊಸ ಸ್ಟೆಂಟ್ (ರಕ್ತನಾಳ ತೆರೆದಿಡಲು ಒಳಗೆ ಕೂರಿಸುವ ಜಾಲರಿ ಕೊಳವೆ) ಇರುವಾಗ ಗರಣೆ ತಡೆಯುವ ಮಾತ್ರೆ ಬಿಟ್ಟರೆ ಅದೇ ಜಾಗ ಮತ್ತೆ ಮುಚ್ಚಿಕೊಳ್ಳಬಹುದು.

ಈ ಭಯಕ್ಕೂ ಖಿನ್ನತೆಗೂ ಮನೋಚಿಕಿತ್ಸೆ ಇದೆ, ಅದು ಬರೀ ಸಮಾಧಾನದ ಮಾತಲ್ಲ. ಸಿಬಿಟಿ (ಯೋಚನೆ, ನಡವಳಿಕೆ ತಿದ್ದಿಕೊಳ್ಳುವ ಚಿಕಿತ್ಸೆ) ಎಂಬ ವಿಧಾನದಲ್ಲಿ ಚಿಕಿತ್ಸಕರು ರೋಗಿಯ ಲೆಕ್ಕಾಚಾರವನ್ನೇ ಪರೀಕ್ಷೆಗೆ ಒಡ್ಡುತ್ತಾರೆ. ‘ಎದೆ ಹೊಡೆದುಕೊಂಡರೆ ಮತ್ತೆ ಅಟ್ಯಾಕ್’ ಎಂದು ನಂಬಿದವರು, ಹೃದ್ರೋಗ ತಜ್ಞರು ಒಪ್ಪಿದ ಮೇಲೆ, ಮೊದಲು ಅರ್ಧ ಮಹಡಿ ಹತ್ತುತ್ತಾರೆ. ಬಡಿತ ಏರುತ್ತದೆ, ಕೂತರೆ ಇಳಿಯುತ್ತದೆ. ಮರುದಿನ ಇನ್ನೊಂದಿಷ್ಟು ಮೆಟ್ಟಿಲು. (ಹೊಸದಾಗಿ ಎದೆನೋವು, ಬೆವರು, ಉಸಿರುಕಟ್ಟು ಬಂದರೆ ಮನಸ್ಸಿನ ಆಟವೆಂದು ಕೂರಬಾರದು, 108ಕ್ಕೆ ಫೋನ್ ಮಾಡಬೇಕು.)

ಇದರಿಂದ ಆಯುಷ್ಯ ಹೆಚ್ಚುತ್ತದೆಯೇ? ಇಲ್ಲಿ ಸ್ವಲ್ಪ ತಡೆಯಬೇಕು. ಅಮೆರಿಕದಲ್ಲಿ 2,481 ಜನರ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಖಿನ್ನತೆ ತಗ್ಗಿತು, ಸಾವು ತಗ್ಗಲಿಲ್ಲ. ಸ್ವೀಡನ್ನಿನಲ್ಲಿ 362 ಹೃದ್ರೋಗಿಗಳಲ್ಲಿ ಕೆಲವರು ಗುಂಪಾಗಿ ಕೂತು ವರ್ಷವಿಡೀ 20 ಸಲ ಈ ಚಿಕಿತ್ಸೆ ಪಡೆದರು. ಮತ್ತೆ ಹೃದಯ-ರಕ್ತನಾಳದ ತೊಂದರೆ ಬರುವುದು ಅವರಲ್ಲಿ 41% ಕಡಿಮೆಯಾಯಿತು ಎಂದು 2011ರ ವರದಿ. ಫಲಿತಾಂಶಗಳು ಒಂದೇ ದಿಕ್ಕಿಗಿಲ್ಲ. ನನಗಂತೂ ಭಯವಿಲ್ಲದೆ ನಿದ್ದೆ ಬರುವುದೇ ಚಿಕಿತ್ಸೆಗೆ ಸಾಕಾದ ಕಾರಣ.

ಬೆಂಗಳೂರಿನಲ್ಲಿ ಬನ್ನೇರುಘಟ್ಟ ರಸ್ತೆಯ ಜಯದೇವ ಹೃದ್ರೋಗ ಆಸ್ಪತ್ರೆಗೂ ಹೊಸೂರು ರಸ್ತೆಯ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್‌ಗೂ ಕೆಲವೇ ಕಿಲೋಮೀಟರ್. ಆದರೂ ‘ನಿಮ್ಹಾನ್ಸ್‌ಗೆ ಹೋಗಿ’ ಎಂದರೆ ಬೈದಂತೆ ಮುಖ ಸಿಂಡರಿಸುವವರಿದ್ದಾರೆ. ಅಂಥವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಮನೆಯಿಂದಲೇ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಫಾಲೋ-ಅಪ್‌ನಲ್ಲಿ ಬಿಪಿ ನೋಡುವಾಗಲೇ ಎರಡು ಪ್ರಶ್ನೆ ಕೇಳಿದರೂ ಆರಂಭಕ್ಕೆ ಸಾಕು: ಕಳೆದ ಎರಡು ವಾರದಲ್ಲಿ ಯಾವುದರಲ್ಲೂ ಆಸಕ್ತಿಯಿಲ್ಲ ಅನ್ನಿಸಿದೆಯೇ? ಮನಸ್ಸು ಕುಗ್ಗಿದೆಯೇ? ಡಾಕ್ಟರ್ ಕೇಳದಿದ್ದರೆ ಜೊತೆಗೆ ಹೋದ ಹೆಂಡತಿಯೋ ಮಗನೋ ತಾವಾಗಿ ಹೇಳಬಹುದು.