ಪದ ಪರಿಚಯ: ಫೇಡ್ ಔಟ್

ಹಾಡಿನ ಕೊನೆಯ ಸಾಲು ಮತ್ತೆ ಮತ್ತೆ ಬರುತ್ತಿರುವಾಗಲೇ ಸದ್ದು ಮೆಲ್ಲಮೆಲ್ಲನೆ ಇಳಿದು ಇಲ್ಲವಾಗುವುದನ್ನು ಫೇಡ್ ಔಟ್ ಎನ್ನುತ್ತಾರೆ. ಹಾಡುವವರು ಬಾಯಿ ಮುಚ್ಚಿರುವುದಿಲ್ಲ, ಡ್ರಮ್ಮಿನ ತಾಳ ತಪ್ಪಿರುವುದಿಲ್ಲ. ನಮಗೆ ಕೇಳುವುದು ಮಾತ್ರ ನಿಲ್ಲುತ್ತದೆ. ಎಲ್ಲ ವಾದ್ಯಗಳೂ ಒಂದೇ ಪೆಟ್ಟಿಗೆ ನಿಂತುಬಿಡುವ ಕೋಲ್ಡ್ ಎಂಡಿಂಗ್ ಇದಕ್ಕೆ ವಿರುದ್ಧ. ಬಟ್ಟೆಯ ಬಣ್ಣ ಮಾಸಿದರೂ ಇಂಗ್ಲಿಷಿನಲ್ಲಿ ಫೇಡ್, ತೆರೆಯ ಮೇಲಿನ ದೃಶ್ಯ ಕತ್ತಲಾದರೂ ಫೇಡ್. ಹಲವು ಸದ್ದುಗಳನ್ನು ಬೆರೆಸುವ ಸ್ಟುಡಿಯೋದ ಮಿಕ್ಸರಿನಲ್ಲಿ ಮೇಲೆ ಕೆಳಗೆ ಜಾರಿಸುವ ಹಿಡಿಗೆ ಫೇಡರ್ ಎಂಬ ಹೆಸರು ಬಂದದ್ದು ಅದೇ ಪದದಿಂದ.

ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಇದು ಹೊಸ ರೀತಿ. ಅಲ್ಲಿ ಮೃದಂಗದವರು ತೀರ್ಮಾನ ಎಂಬ ಮುಕ್ತಾಯದ ನುಡಿಕಟ್ಟನ್ನು ಮೂರು ಸಲ ನುಡಿಸಿ ಲೆಕ್ಕಕ್ಕೆ ಸರಿಯಾಗಿ ಬಂದು ಇಳಿಯುತ್ತಾರೆ. ಮುಗಿಯಿತೆಂಬುದು ಸಭೆಗೆಲ್ಲ ತಿಳಿಯುತ್ತದೆ. ಫೇಡ್ ಔಟ್ ಹಾಡನ್ನು ಮುಗಿಸದೆ ದೂರಕ್ಕೆ ಕಳಿಸಿಕೊಡುತ್ತದೆ. ಮದುವೆ ಮೆರವಣಿಗೆಯ ವಾಲಗ ಬೀದಿಯ ತಿರುವು ದಾಟಿ ಹೋಗುವಾಗ ಕೇಳುತ್ತದಲ್ಲ, ಹಾಗೆ. ಈ ತಂತ್ರದ ಹುಟ್ಟೂ ಹೆಚ್ಚುಕಡಿಮೆ ಹಾಗೆ ದೂರ ಸರಿಯುವ ಸದ್ದಿನಲ್ಲೇ ಇದೆ.

1772ರಲ್ಲಿ ಆಸ್ಟ್ರಿಯಾದ ಸಂಗೀತಕಾರ ಹೇಡನ್ ವಾದ್ಯಮೇಳಕ್ಕೆಂದು ರಚಿಸಿದ 45ನೆಯ ಸಿಂಫನಿಯ ಕೊನೆಯಲ್ಲಿ ವಾದಕರು ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ, ಎರಡು ಪಿಟೀಲು ಮಾತ್ರ ಉಳಿಯುತ್ತವೆ. ಇದನ್ನು ಫೇಡ್ ಔಟ್‌ನ ಅಜ್ಜ ಎನ್ನುವವರಿದ್ದಾರೆ. ಆದರೆ ಅಲ್ಲಿ ಕಡಿಮೆಯಾಗುವುದು ವಾದ್ಯಗಳ ಸಂಖ್ಯೆ. ದೂರವನ್ನೇ ಸ್ವರಪತ್ರದಲ್ಲಿ ಬರೆದಿಟ್ಟವರು ಇಂಗ್ಲೆಂಡಿನ ಸಂಗೀತಕಾರ ಗುಸ್ತಾವ್ ಹೋಲ್ಸ್ಟ್. 1918ರಲ್ಲಿ ಲಂಡನ್ನಿನಲ್ಲಿ ಮೊದಲು ನುಡಿಸಿದ ಅವರ ಗ್ರಹಗಳ ಮಾಲಿಕೆಯ ಕೊನೆಯ ಭಾಗ ನೆಪ್ಚೂನ್. ಅದರಲ್ಲಿ ಹೆಂಗಸರ ಮೇಳ ಪಕ್ಕದ ಕೋಣೆಯಲ್ಲಿ ನಿಂತು ಹಾಡುತ್ತದೆ, ನಡುವಿನ ಬಾಗಿಲು ತೆರೆದಿರುತ್ತದೆ. ಕಡೆಗೆ ಆ ಬಾಗಿಲನ್ನು ಸದ್ದಾಗದಂತೆ ನಿಧಾನವಾಗಿ ಮುಚ್ಚಬೇಕು, ದನಿ ದೂರದಲ್ಲಿ ಕಳೆದುಹೋಗುವವರೆಗೂ ಕೊನೆಯ ತುಣುಕನ್ನು ಹಾಡುತ್ತಲೇ ಇರಬೇಕು. ನನ್ನ ಮಟ್ಟಿಗೆ ಆ ಬಾಗಿಲೇ ಮೊದಲ ಫೇಡರ್.

ರೆಕಾರ್ಡಿನ ಲೋಕದಲ್ಲಿ ಇನ್ನೂ ಹಳೆಯ ಉದಾಹರಣೆ ಸಿಗುತ್ತದೆ: 1894ರಲ್ಲಿ ಬರ್ಲಿನರ್ ಕಂಪನಿ ಹೊರತಂದ ಕೊಳಲು-ಡ್ರಮ್ಮಿನ ಒಂದು ಡಿಸ್ಕ್. ದಂಡು ಸಾಗಿ ಹೋದಂತೆ ಅದರ ಸದ್ದು ಇಳಿಯುತ್ತದೆ. ಆಗ ಮೈಕೂ ಇಲ್ಲ, ಗುಂಡಿಯೂ ಇಲ್ಲ. ದನಿಯನ್ನು ಹಿಡಿಯುತ್ತಿದ್ದದ್ದು ದೊಡ್ಡ ಕಹಳೆ. ಸದ್ದು ತಗ್ಗಬೇಕೆಂದರೆ ನುಡಿಸುವವರು ಕಹಳೆಯಿಂದ ದೂರ ಸರಿಯಬೇಕಿತ್ತು. 1925ರಲ್ಲಿ ವಿದ್ಯುತ್ ರೆಕಾರ್ಡಿಂಗ್ ಬಂದ ಮೇಲೆ ಆ ಕೆಲಸ ಒಂದು ತಿರುಗುಗುಂಡಿಗೆ ಬಂತು. ಆದರೂ ನೇರ ಡಿಸ್ಕಿಗೆ ಕೊರೆಯುವಾಗ ಕೈ ತಪ್ಪಿದರೆ ಆ ಸಲ ನುಡಿಸಿದ್ದೆಲ್ಲ, ಅಂದರೆ ಇಡೀ ಟೇಕ್, ಹಾಳು. 1940ರ ದಶಕದ ಕೊನೆಗೆ ಸ್ಟುಡಿಯೋಗಳಿಗೆ ಟೇಪ್ ಬಂದು ಈ ಹೆದರಿಕೆ ಹೋಯಿತು. ಹಾಡನ್ನು ಪೂರ್ತಿ ಹಿಡಿದಿಟ್ಟು, ಇನ್ನೊಂದು ಟೇಪಿಗೆ ನಕಲು ಮಾಡುವಾಗ ಬೇಕಾದಷ್ಟು ಸಲ ಫೇಡ್ ಪ್ರಯತ್ನಿಸಬಹುದಿತ್ತು.

ಅಲ್ಲಿಂದ ಪಾಪ್ ಸಂಗೀತದಲ್ಲಿ ಇದು ಹಬ್ಬಿತು. 10 ಇಂಚಿನ, ನಿಮಿಷಕ್ಕೆ 78 ಸುತ್ತು ತಿರುಗುವ 78 ಆರ್‌ಪಿಎಂ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದದ್ದು ಸುಮಾರು 3 ನಿಮಿಷ. 1949ರಲ್ಲಿ 45 ಆರ್‌ಪಿಎಂ ತಟ್ಟೆ ಬಂದರೂ ಆ ಅಳತೆಯೇ ರೂಢಿಯಾಗಿತ್ತು. ಲಯಕ್ಕೆ ಬಿದ್ದ ತಂಡ 5 ನಿಮಿಷ ನುಡಿಸಿದರೆ, ಕತ್ತರಿಸಿದ ಹಾಗೆ ಕಾಣದಂತೆ 3 ನಿಮಿಷಕ್ಕೆ ತರಲು ಫೇಡ್ ಔಟ್ ಸುಲಭದ ದಾರಿ. ಅದನ್ನು ಸೋಮಾರಿತನ ಎಂದು ತಳ್ಳಿಹಾಕುವವರಿಗೆ 1968ರ ಬೀಟಲ್ಸ್ ಹಾಡು ‘ಹೇ ಜೂಡ್’ ಕೇಳಿಸಬೇಕು. 7 ನಿಮಿಷ ಮೀರುವ ಆ ಹಾಡಿನ ಅರ್ಧಕ್ಕಿಂತ ಹೆಚ್ಚು ಭಾಗ ಒಂದೇ ಸೊಲ್ಲಿನ ಆವರ್ತನೆ, ಕೊನೆಗೆ ಫೇಡ್. ಅಲ್ಲಿ ಸಮಯ ಉಳಿಸುವ ಉದ್ದೇಶವೇ ಇರಲಿಲ್ಲ. ಜನ ಹಾಡುತ್ತಲೇ ಇದ್ದಾರೆ ಎಂಬ ಭಾವ ಬೇಕಿತ್ತು.

ಮಾಡುವ ರೀತಿಗೆ ಬರೋಣ. 8ರಿಂದ 15 ಸೆಕೆಂಡಿನ ಫೇಡ್ ಸಾಮಾನ್ಯ. ಪಲ್ಲವಿ ಸಾಲಿನ ಮೊದಲ ಪೆಟ್ಟಿನಲ್ಲಿ ಶುರು ಮಾಡಿ. ಸಾಲಿನ ನಡುವೆ ಶುರುವಾದರೆ ಯಾರೋ ವಾಲ್ಯೂಮ್ ಮುಟ್ಟಿದಂತೆ ಕೇಳುತ್ತದೆ. ಸದ್ದು ಪೂರ್ತಿ ಅಡಗುವುದು ಒಂದು ಸಾಲು ಮುಗಿದ ಮೇಲಾಗಲಿ. ಫೇಡಿನ ಬಾಲದಲ್ಲಿ ಹೊಸ ಮಾತು ಕೇಳಿಸಿದರೆ ಕಿವಿ ಅದರ ಬೆನ್ನು ಹತ್ತುತ್ತದೆ, ಮುಗಿಯುವ ಭಾವ ಕೆಡುತ್ತದೆ.

ಹೆಚ್ಚಿನವರು ಎಡವುವುದು ಇಳಿಜಾರಿನ ಆಕಾರದಲ್ಲಿ. ಕಂಪ್ಯೂಟರಿನಲ್ಲಿ ನೇರ ಗೆರೆ ಎಳೆದು 12 ಸೆಕೆಂಡಿನ ಫೇಡ್ ಕೊಟ್ಟಿರಿ ಎನ್ನಿ. 6ನೆಯ ಸೆಕೆಂಡಿಗೆ ಇಳಿದಿರುವುದು 6 ಡೆಸಿಬೆಲ್ (ಸದ್ದಿನ ಮಟ್ಟದ ಅಳತೆ) ಮಾತ್ರ. 10.8ನೆಯ ಸೆಕೆಂಡಿಗೆ 20 ಡೆಸಿಬೆಲ್. ಉಳಿದದ್ದೆಲ್ಲ ಕೊನೆಯ 1.2 ಸೆಕೆಂಡಿನಲ್ಲಿ ಕುಸಿಯುತ್ತದೆ. ಸುಮಾರು 10 ಡೆಸಿಬೆಲ್ ಇಳಿದರೆ ಸದ್ದು ಅರ್ಧವಾದಂತೆ ಕಿವಿಗೆ ಅನಿಸುವುದರಿಂದ, ಬಹಳ ಹೊತ್ತು ಏನೂ ಆಗದೆ ಹಾಡು ಥಟ್ಟನೆ ಬಿದ್ದುಹೋದಂತಾಗುತ್ತದೆ. ಸೆಕೆಂಡಿಗೆ ಇಷ್ಟು ಡೆಸಿಬೆಲ್ ಎಂದು ಸಮನಾಗಿ ಇಳಿಸುವ ಬಾಗಿದ ಗೆರೆಯೇ ಒಳ್ಳೆಯದು. ಶುರುವಿನಲ್ಲಿ ಇನ್ನಷ್ಟು ನಿಧಾನವಾದರೆ ಫೇಡ್ ಆರಂಭವಾದದ್ದೇ ಗೊತ್ತಾಗುವುದಿಲ್ಲ.

ಎರಡನೆಯ ತಪ್ಪು ಕ್ರಮದ್ದು. ಜೋರು ಸದ್ದನ್ನು ಅದುಮಿ ಹಿಡಿಯುವ ಕಂಪ್ರೆಸರ್, ಲಿಮಿಟರ್‌ಗಳಿಗಿಂತ ಮೊದಲು ಫೇಡ್ ಹಾಕಿದರೆ ಸದ್ದು ಇಳಿದಂತೆ ಅವು ಹಿಡಿತ ಸಡಿಲಿಸುತ್ತವೆ. ನೀವು ಎಳೆದ ಗೆರೆ ಒಂದು, ಹೊರಗೆ ಬರುವ ಇಳಿತ ಇನ್ನೊಂದು. ವಾದ್ಯಗಳ ಹೊಂದಿಕೆಯೂ ಬದಲಾಗುತ್ತದೆ. ಫೇಡ್ ಅವುಗಳ ನಂತರ ಬರಬೇಕು. 16 ಬಿಟ್‌ಗೆ (ಸಿಡಿಯಲ್ಲಿರುವ ಡಿಜಿಟಲ್ ಅಳತೆ) ಇಳಿಸುವುದಿದ್ದರೆ ಡಿದರ್, ಅಂದರೆ ಅತಿ ಸಣ್ಣ ಗದ್ದಲ ಬೆರೆಸುವುದು, ಎಲ್ಲಕ್ಕಿಂತ ಕೊನೆಗೆ. ಅದಿಲ್ಲದೆ ಬಾಲದ ತುದಿ ಒರಟಾಗಿ ಕರಕರ ಎನ್ನುತ್ತದೆ.

ಇನ್ನೊಂದು ಸೂಕ್ಷ್ಮವಿದೆ. ವಾಲಗ ದೂರ ಹೋದಂತೆ ಗಾಳಿ ಮೊದಲು ಚೂಪು ಸದ್ದನ್ನು ನುಂಗುತ್ತದೆ, ಡೋಲಿನ ಗುಡುಗು ಬಹಳ ಹೊತ್ತು ಉಳಿಯುತ್ತದೆ. ಫೇಡರ್ ಎಲ್ಲವನ್ನೂ ಒಂದೇ ಸಮ ತಗ್ಗಿಸುತ್ತದೆ, ಸಣ್ಣ ಸದ್ದಿನಲ್ಲಿ ನಮ್ಮ ಕಿವಿ ಮೊದಲು ಕಳೆದುಕೊಳ್ಳುವುದು ಬೇಸ್ ಅನ್ನು, ಅಂದರೆ ತಗ್ಗು ಸ್ವರದ ಗುಡುಗನ್ನು. ಹಾಗಾಗಿ ಬರಿಯ ಫೇಡ್ ದೂರ ಹೋದಂತಿರದೆ ತೆಳ್ಳಗಾದಂತೆ ಕೇಳುತ್ತದೆ. ಬಾಲದಲ್ಲಿ ಚೂಪು ಸದ್ದನ್ನು ಚೂರು ತಗ್ಗಿಸಿ, ರಿವರ್ಬ್ (ಗೋಡೆಗಳಿಂದ ಮರಳಿ ಬರುವಂಥ ಮಾರ್ದನಿ) ಚೂರು ಹೆಚ್ಚಿಸಿದರೆ ಹಾಡು ನಿಜಕ್ಕೂ ನಡೆದು ಹೋಗುತ್ತದೆ. ಇದನ್ನು ಹೆಡ್‌ಫೋನಿನಲ್ಲಿ ಜೋರಾಗಿಟ್ಟು ಪರೀಕ್ಷಿಸಬೇಡಿ. ಕಾರಿನಲ್ಲಿ ಕೇಳುವವರಿಗೆ ಕೊನೆಯ ನಾಲ್ಕೈದು ಸೆಕೆಂಡು ಎಂಜಿನ್ ಸದ್ದಿನಲ್ಲಿ ಮುಳುಗಿಹೋಗಿರುತ್ತದೆ.

ಜರ್ಮನಿಯ ಹ್ಯಾನೋವರ್‌ನ ಸಂಶೋಧಕರು ಒಂದೇ ಹಾಡನ್ನು ಎರಡು ಬಗೆಯ ಕೊನೆಯೊಂದಿಗೆ ಕೇಳಿಸಿ ತಾಳ ಹಾಕಿಸಿ ನೋಡಿದರು. ಕೋಲ್ಡ್ ಎಂಡಿಂಗ್ ಕೇಳಿದವರು ಹಾಡು ಮುಗಿಯುವ ಮೊದಲೇ ಬೆರಳು ನಿಲ್ಲಿಸಿದರು. ಫೇಡ್ ಔಟ್ ಕೇಳಿದವರ ಬೆರಳು ಸದ್ದು ಅಡಗಿದ ಮೇಲೂ ಆಡುತ್ತಿತ್ತು.

ವೇದಿಕೆಯ ಮೇಲೆ ಈ ಸೌಕರ್ಯವಿಲ್ಲ. ಫೇಡ್ ಆಗುವ ಹಾಡನ್ನು ಆರ್ಕೆಸ್ಟ್ರಾದಲ್ಲಿ ಹಾಡುವವರು ಕೊನೆಯನ್ನು ತಾವೇ ಕಟ್ಟಿಕೊಳ್ಳಬೇಕು. ಕೊನೆಯ ಸಾಲನ್ನು ಮೂರು ಸಲ ಹಾಡಿ, ಮೂರನೆಯದರಲ್ಲಿ ವೇಗ ತಗ್ಗಿಸಿ, ಡ್ರಮ್ಮರಿನ ಕೈ ನೋಡಿಕೊಂಡು ಒಟ್ಟಿಗೆ ನಿಲ್ಲಿಸುವುದು ಅದಕ್ಕಿರುವ ಹಳೆಯ ಉಪಾಯ.