ಹಾಡಿಗೆ ಅಡ್ಡ ಬರದ ಸ್ಯಾಕ್ಸೋಫೋನ್

ಟೆನರ್ ಸ್ಯಾಕ್ಸೋಫೋನಿನ ಸ್ವರಗಳು ಸುಮಾರು 104ರಿಂದ 660 ಹರ್ಟ್ಸ್‌ವರೆಗೆ, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳವರೆಗೆ, ಹೋಗುತ್ತವೆ. ನಾವು ಹಾಡುವುದೂ ಹೆಚ್ಚುಕಡಿಮೆ ಅಲ್ಲೇ. ಹತ್ತಿರಹತ್ತಿರದ ಕಂಪನದ ಎರಡು ಸದ್ದು ಒಟ್ಟಿಗೆ ಬಂದರೆ ಜೋರಿನದು ಮೆಲ್ಲನೆಯದನ್ನು ನಮ್ಮ ಕಿವಿಯಲ್ಲೇ ಅಡಗಿಸಿಬಿಡುತ್ತದೆ. ಅಂದಮೇಲೆ ಹಾಡುಗಾರರ ಪಕ್ಕ ನಿಂತು ಇದನ್ನು ಊದುವುದು ಕಷ್ಟ ಅಲ್ವಾ?

ಅಮೆರಿಕದ ಸ್ಯಾಕ್ಸ್ ವಾದಕ ಕಿಂಗ್ ಕರ್ಟಿಸ್ ಹೊಟ್ಟೆ ಹೊರೆದದ್ದು ಇದೇ ಕೆಲಸದಿಂದ. 1934ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಹುಟ್ಟಿದ ಕರ್ಟಿಸ್ ಔಸ್ಲಿ 1952ರಲ್ಲಿ ನ್ಯೂಯಾರ್ಕಿಗೆ ಬಂದ. 1958ರಲ್ಲಿ ಕೋಸ್ಟರ್ಸ್ ತಂಡದ 'ಯಾಕೆಟಿ ಯಾಕ್' ಹಾಡಿಗೆ ಊದಿದ. ಅದರಲ್ಲಿ ಸ್ಯಾಕ್ಸ್ ಪಟಪಟನೆ ತುಂಡು ತುಂಡಾಗಿ ಮಾತಾಡುತ್ತದೆ. ಇದು ನಾಲಿಗೆಯ ಕೆಲಸ. ವಾದ್ಯದ ಬಾಯಿಯ ತುದಿಯಲ್ಲಿರುವ ತೆಳ್ಳನೆ ಜೊಂಡಿನ ಪಟ್ಟಿಗೆ, ಅಂದರೆ ರೀಡಿಗೆ, ನಾಲಿಗೆ ತಾಗಿದರೆ ಕಂಪನ ನಿಲ್ಲುತ್ತದೆ. ಬಾಯೊಳಗಿನ ಗಾಳಿಯ ಒತ್ತಡ ಮಾತ್ರ ಹಾಗೇ ಉಳಿಯುತ್ತದೆ. ನಾಲಿಗೆ ಸರಿದ ಕೂಡಲೇ ಸ್ವರ ತಟ್ಟನೆ ಚಿಮ್ಮುತ್ತದೆ.

ಟೆಕ್ಸಾಸ್ ಕಡೆಯ ವಾದಕರ ಸ್ಯಾಕ್ಸಿನಲ್ಲಿ ಕೇಳುವ ಒರಟು ಗುರುಗುಟ್ಟುವಿಕೆಗೆ ಇನ್ನೊಂದು ಉಪಾಯವಿದೆ. ಊದುತ್ತಲೇ ಗಂಟಲಲ್ಲಿ ಗುನುಗಬೇಕು. ಸ್ಯಾಕ್ಸ್ 300 ಹರ್ಟ್ಸ್‌ನಲ್ಲಿದ್ದು ಗಂಟಲು 200ರಲ್ಲಿದ್ದರೆ, ರೀಡು ಅವೆರಡನ್ನೂ ಬೆರೆಸಿ 100, 500 ಹರ್ಟ್ಸ್‌ನ ಹೊಸ ಸದ್ದುಗಳನ್ನೂ ಹುಟ್ಟಿಸುತ್ತದೆ. ಸುಮ್ನೆ ಜೋರಾಗಿ ಊದಿದರೆ ಇದು ಬರುವುದಿಲ್ಲ.

ಆದರೆ ನನಗೆ ಕರ್ಟಿಸ್ ದೊಡ್ಡವನೆನಿಸುವುದು ಎಲ್ಲಿ ಊದಬಾರದು ಎಂಬುದನ್ನು ಬಲ್ಲವನಾಗಿ. 1967ರ 'ರೆಸ್ಪೆಕ್ಟ್' ಹಾಡು ಕೇಳಿ. ಓಟಿಸ್ ರೆಡ್ಡಿಂಗ್ ಹಾಡಿದ್ದ ಮೂಲದಲ್ಲಿ ಇಲ್ಲದ ಒಂದು ತಿರುವನ್ನು ಗಾಯಕಿ ಅರೀಥಾ ಫ್ರಾಂಕ್ಲಿನ್ ಹಾಡಿದ ಈ ರೂಪದ ನಡುವೆ ಸೇರಿಸಲಾಯಿತು. ಅರೀಥಾ ಸುಮ್ಮನಾಗುತ್ತಾರೆ, ಕರ್ಟಿಸ್ ಒಳಗೆ ಬರುತ್ತಾನೆ. ಕೆಲವೇ ಸೆಕೆಂಡು, ಅಷ್ಟೇ.

ಹಾಡಿನ ಧ್ವನಿಮುದ್ರಣವನ್ನು ರೂಪಿಸುವ ನಿರ್ಮಾಪಕನಿಗೆ ಬೇಕಾದ ಕಿವಿಯೂ ಇದೇ. ಅದೇ ವರ್ಷದ ತನ್ನದೇ 'ಮೆಂಫಿಸ್ ಸೋಲ್ ಸ್ಟ್ಯೂ'ನಲ್ಲಿ ಕರ್ಟಿಸ್ ಅಡುಗೆ ಹೇಳಿಕೊಡುವವನ ಹಾಗೆ ವಾದ್ಯಗಳನ್ನು ಒಂದೊಂದಾಗಿ ಕರೆಯುತ್ತಾನೆ. ಮೊದಲು ಅರ್ಧ ಕಪ್ ಬೇಸ್, ಅಂದರೆ ತಗ್ಗು ಸ್ವರದ ಗಿಟಾರ್. ಆಮೇಲೆ ಡ್ರಮ್ಸ್, ಗಿಟಾರ್, ಚಿಟಿಕೆಯಷ್ಟು ಆರ್ಗನ್. ಕೆಳಗಿನ ಕಂಪನಗಳ ಜಾಗ ಬೇಸಿನದು, ಅದರ ಮೇಲೆ ಉಳಿದವು ಒಂದೊಂದಾಗಿ ಕೂರುತ್ತವೆ. ತನ್ನ ಸ್ಯಾಕ್ಸನ್ನು ತಂದದ್ದು ಕೊನೆಗೆ.

1971ರಲ್ಲಿ ಅರೀಥಾರ ವಾದ್ಯತಂಡದ ಮುಖ್ಯಸ್ಥ ಕರ್ಟಿಸ್. ಜಾನ್ ಲೆನನ್‌ನ 'ಇಮ್ಯಾಜಿನ್' ಆಲ್ಬಮ್ಮಿಗೂ ಊದಿದ. ಆಗಸ್ಟ್ 13ರಂದು ನ್ಯೂಯಾರ್ಕಿನ ತನ್ನ ಕಟ್ಟಡದ ಎದುರು ನಡೆದ ಜಗಳದಲ್ಲಿ ಚಾಕು ಇರಿತಕ್ಕೆ ಸತ್ತ. ವಯಸ್ಸು 37. ಲೆನನ್‌ನ ಆಲ್ಬಂ ಅಂಗಡಿಗೆ ಬಂದದ್ದು ಮರುತಿಂಗಳು.