ಆಲ್-ಅಮೆರಿಕನ್ ಗರ್ಲ್ಸ್ ಲೀಗ್: ಸಾಫ್ಟ್‌ಬಾಲ್ ಹಂತಹಂತವಾಗಿ ಬೇಸ್‌ಬಾಲ್ ಆದದ್ದು

‘ಎ ಲೀಗ್ ಆಫ್ ದೇರ್ ಓನ್’ (1992) ಸಿನಿಮಾದ ಡಾಟಿ, ಕಿಟ್, ಕುಡುಕ ಮ್ಯಾನೇಜರ್ ಜಿಮ್ಮಿ ಡೂಗನ್ ಎಲ್ಲರೂ ಕಲ್ಪಿತ ಪಾತ್ರಗಳು. ಅವರ ತಂಡ ರಾಕ್‌ಫರ್ಡ್ ಪೀಚಸ್ ಮತ್ತು ಅದು ಆಡಿದ ಮಹಿಳೆಯರ ಲೀಗ್, ಅಂದರೆ ಆಲ್-ಅಮೆರಿಕನ್ ಗರ್ಲ್ಸ್ ಲೀಗ್, ಮಾತ್ರ ನಿಜ. ಬೇಸ್‌ಬಾಲ್ ಆಟಗಾರರು ಒಬ್ಬೊಬ್ಬರಾಗಿ ಎರಡನೇ ಮಹಾಯುದ್ಧಕ್ಕೆ ಹೊರಟಾಗ, ಚೂಯಿಂಗ್ ಗಮ್ ಉದ್ಯಮಿಯೂ ಷಿಕಾಗೊ ಕಬ್ಸ್ ತಂಡದ ಒಡೆಯರೂ ಆಗಿದ್ದ ಫಿಲಿಪ್ ರಿಗ್ಲಿ 1943ರಲ್ಲಿ ಈ ಲೀಗನ್ನು ಕಟ್ಟಿದರು. ಮೊದಲ ವರ್ಷ ರಾಕ್‌ಫರ್ಡ್, ಸೌತ್ ಬೆಂಡ್, ರಸೀನ್, ಕೆನೋಶಾ ಊರುಗಳ ನಾಲ್ಕೇ ತಂಡಗಳಿದ್ದವು. ಆಟಗಾರ್ತಿಯರಿಗೆ ವಾರಕ್ಕೆ 45ರಿಂದ 85 ಡಾಲರ್ ಸಂಬಳ.

ಸಿನಿಮಾದಲ್ಲಿ ಪಿಚರ್‌ಗಳು, ಅಂದರೆ ಬ್ಯಾಟ್ ಹಿಡಿದವರತ್ತ ಚೆಂಡು ಎಸೆಯುವವರು, ಭುಜದ ಮೇಲಿಂದ ಚೆಂಡೆಸೆಯುತ್ತಾರೆ. 1943ರ ಆಟ ಹಾಗಿರಲಿಲ್ಲ. ಆಗಿನ ಹುಡುಗಿಯರು ದೊಡ್ಡ ಚೆಂಡು, ಚಿಕ್ಕ ಮೈದಾನದ ಸಾಫ್ಟ್‌ಬಾಲ್ ಆಡಿ ಬೆಳೆದವರು; ಕೈಯನ್ನು ಸೊಂಟದ ಕೆಳಗಿನಿಂದ ಬೀಸಿ ಎಸೆಯುತ್ತಿದ್ದರು. ಚೆಂಡಿನ ಸುತ್ತಳತೆ 12 ಇಂಚು, ಪಿಚರ್‌ಗೂ ಬ್ಯಾಟ್ ಬೀಸುವ ಜಾಗದಲ್ಲಿರುವ ಹೋಮ್ ಪ್ಲೇಟ್‌ಗೂ ನಡುವೆ 40 ಅಡಿ, ರನ್ನಿಗಾಗಿ ಓಡುವಾಗ ಮುಟ್ಟಬೇಕಾದ ನೆಲೆಗಳಲ್ಲಿ, ಅಂದರೆ ಬೇಸ್‌ಗಳಲ್ಲಿ, ಒಂದರಿಂದ ಮುಂದಿನದಕ್ಕೆ 65 ಅಡಿ. ಪುರುಷರ ಬೇಸ್‌ಬಾಲ್‌ನಲ್ಲಿ ಇವು ಸುಮಾರು 9 ಇಂಚು, 60 ಅಡಿ 6 ಇಂಚು ಮತ್ತು 90 ಅಡಿ. ಆದರೂ ಇದನ್ನು ಬರೀ ಸಾಫ್ಟ್‌ಬಾಲ್ ಎನ್ನುವಂತಿಲ್ಲ. ತಂಡಕ್ಕೆ ಹತ್ತರ ಬದಲು ಒಂಬತ್ತು ಮಂದಿ. ಅದಕ್ಕಿಂತ ಮುಖ್ಯವಾಗಿ, ಪಿಚರ್ ಎಸೆಯುವ ಮೊದಲೇ ಬೇಸ್ ಬಿಟ್ಟು ಮುಂದೆ ಸರಿದು ನಿಂತು, ಸಮಯ ನೋಡಿ ಮುಂದಿನ ಬೇಸ್‌ಗೆ ಓಡಲು, ಅಂದರೆ ಬೇಸ್ ಕದಿಯಲು, ಅವಕಾಶವಿತ್ತು.

ಈ ಒಂದು ನಿಯಮ ಆಟಕ್ಕೆ ಎಂಥ ವೇಗ ತಂದಿತೆಂದರೆ, 1946ರಲ್ಲಿ ರಸೀನ್ ಬೆಲ್ಸ್ ತಂಡದ ಸೋಫಿ ಕುರಿಸ್ 203 ಸಲ ಪ್ರಯತ್ನಿಸಿ 201 ಬೇಸ್ ಕದ್ದರು. ಪುರುಷರ ಮೇಜರ್ ಲೀಗ್‌ನಲ್ಲಿ ರಿಕಿ ಹೆಂಡರ್ಸನ್ 1982ರಲ್ಲಿ ಮಾಡಿದ ಆಧುನಿಕ ದಾಖಲೆ 130. ಕುರಿಸ್‌ಗೆ ಬೇಸ್‌ಗಳ ಅಂತರ ಕಡಿಮೆಯಿತ್ತು, ನಿಜ. ಆದರೆ ಬೇಸ್ ಮುಟ್ಟಲು ಅವರು ನೆಲದ ಮೇಲೆ ಜಾರುತ್ತಿದ್ದುದು ಗಿಡ್ಡ ಸ್ಕರ್ಟ್ ತೊಟ್ಟು. ಪ್ಯಾಂಟ್ ಇಲ್ಲದ ಕಾಲು ಒಣ ಮಣ್ಣಿಗೆ ಉಜ್ಜಿದರೆ ತೊಡೆಯ ಚರ್ಮ ಅಂಗೈಯಗಲ ಕಿತ್ತು ಕೆಂಪಾಗುತ್ತದೆ. ಇದನ್ನು ಆಟಗಾರ್ತಿಯರು ‘ಸ್ಟ್ರಾಬೆರಿ’ ಎನ್ನುತ್ತಿದ್ದರು. ಗಾಯ ಮಾಯುವ ಮೊದಲೇ ಮತ್ತೆ ಅದೇ ಮಗ್ಗುಲಿಗೆ ಜಾರಬೇಕು. ಸಿನಿಮಾದಲ್ಲಿ ಕಾಣುವ ಅಂಥದೊಂದು ದೊಡ್ಡ ಗಾಯ ಮೇಕಪ್ ಅಲ್ಲ, ಚಿತ್ರೀಕರಣದಲ್ಲಿ ನಟಿ ರೆನೆ ಕೋಲ್ಮನ್‌ಗೆ ನಿಜವಾಗಿಯೇ ಆದದ್ದು. ಈ ಉಡುಪು ಆಟಕ್ಕಾಗಿ ಹೊಲಿದದ್ದಲ್ಲ, ನೋಡುವವರಿಗಾಗಿ ಹೊಲಿದದ್ದು.

ನಂತರದ ವರ್ಷಗಳಲ್ಲಿ ಚೆಂಡು ಚಿಕ್ಕದಾಗುತ್ತ, ಮೈದಾನ ದೊಡ್ಡದಾಗುತ್ತ ಹೋಯಿತು. 1946ರಲ್ಲಿ ಚೆಂಡು 11 ಇಂಚಾಯಿತು, ತೋಳನ್ನು ಪಕ್ಕದಿಂದ ಬೀಸುವ ಎಸೆತಕ್ಕೂ ಜಾಗ ಸಿಕ್ಕಿತು. 1948ರಲ್ಲಿ ಭುಜದ ಮೇಲಿಂದ ಎಸೆಯುವ ಪದ್ಧತಿ ಬಂತು, ಪಿಚರ್‌ನ ದೂರ 50 ಅಡಿಗೆ ಏರಿತು. ಇಲ್ಲೇ ಅನೇಕರು ಎಡವಿದರು. ಕೆಳಗಿನಿಂದ ಬೀಸುವ ಕೈಗೂ ಮೇಲಿಂದ ಎಸೆಯುವ ಕೈಗೂ ಭುಜದ ಕೆಲಸ ಬೇರೆ, ಚೆಂಡು ಬಿಡುವ ಗಳಿಗೆಯೂ ಬೇರೆ. 1945ರಲ್ಲಿ 32 ಪಂದ್ಯ ಗೆದ್ದ ಪಿಚರ್ ಕಾನಿ ವಿಸ್ನ್ಯೂಸ್ಕಿ ಪಿಚರ್ ಜಾಗ ಬಿಟ್ಟು, ಬೇಸ್‌ಗಳಾಚೆ ದೂರದಲ್ಲಿ ಚೆಂಡು ಹಿಡಿಯುವ ಔಟ್‌ಫೀಲ್ಡ್‌ಗೆ ಹೋದರು. ಮೂರನೇ ಬೇಸ್ ಕಾಯುತ್ತಿದ್ದ, ಗಟ್ಟಿ ತೋಳಿನ ಜೀನ್ ಫಾಟ್ ಪಿಚರ್ ಆಗಿ ಮೆರೆದರು. ಅದೇ 1948ರಲ್ಲಿ ತಂಡಗಳು ಹತ್ತಾದವು, ಪ್ರೇಕ್ಷಕರು 9 ಲಕ್ಷ ದಾಟಿದರು. 1954ರ ಹೊತ್ತಿಗೆ ಪಿಚರ್‌ನ ದೂರ 60 ಅಡಿ, ಬೇಸ್‌ಗಳ ಅಂತರ 85 ಅಡಿ. ಪುರುಷರ ಅಳತೆಗೆ ಅಷ್ಟು ಹತ್ತಿರ ಬಂದ ವರ್ಷವೇ ಲೀಗಿನ ಕೊನೆಯ ವರ್ಷವೂ ಆಯಿತು.

ಸಿನಿಮಾದಲ್ಲಿ ಒಬ್ಬ ಕಪ್ಪು ಮಹಿಳೆ ಉರುಳಿ ಬಂದ ಚೆಂಡನ್ನು ಎತ್ತಿ, ಬಲು ದೂರಕ್ಕೆ ಬಲವಾಗಿ ಎಸೆದು ಸುಮ್ಮನೆ ಹೋಗುವ ಕೆಲವೇ ಕ್ಷಣಗಳ ದೃಶ್ಯವಿದೆ. ಹನ್ನೆರಡು ವರ್ಷಗಳಲ್ಲಿ 600ಕ್ಕೂ ಹೆಚ್ಚು ಮಂದಿ ಆಡಿದ ಈ ಲೀಗ್ ಆಫ್ರಿಕನ್-ಅಮೆರಿಕನ್ ಮಹಿಳೆಯರನ್ನು ಸೇರಿಸಿಕೊಳ್ಳಲೇ ಇಲ್ಲ. ಕಪ್ಪು ಆಟಗಾರ್ತಿ ಟೋನಿ ಸ್ಟೋನ್ 1953ರಲ್ಲಿ ಕಪ್ಪು ಆಟಗಾರರ ನೀಗ್ರೊ ಲೀಗ್‌ನ ಇಂಡಿಯಾನಾಪೊಲಿಸ್ ಕ್ಲೌನ್ಸ್ ತಂಡ ಸೇರಿ, ಗಂಡಸರ ಜೊತೆಯಲ್ಲೇ ಎರಡನೇ ಬೇಸ್‌ನಲ್ಲಿ ಆಡಿದರು.